ನಮ್ಮೂರಿನ ನರ್ಸಮ್ಮ ಎಲ್ಲಿಂದ ಬಂದಳು?



ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಮೇಲಿನ ಭಾನುವಾರ, ಪೂಜೆ ಮುಗಿಸಿ ನಾವೆಲ್ಲ ಎಂದಿನಂತೆ ದೇವಾಲಯದ ಅಂಗಳದಲ್ಲಿ ಕೂತಿದ್ದೆವು. ಯಾರು ಯಾವ ಕಾಲೇಜಿಗೆ ಎಂಬ ಮಾತು ನಡೆದಿತ್ತು. ನಮ್ಮ ಗುಂಪಿನ ಒಬ್ಬ ತಂಗಿ ಮೆಲ್ಲಗೆ, "ನಾನು ಸಹಾಯಕ ನರ್ಸ್ ತರಬೇತಿಗೆ ಸೇರ್ತೀನಿ" ಅಂದಳು. ಪಕ್ಕದಲ್ಲಿದ್ದ ಅವಳ ಅಜ್ಜಿ ಕೇಳಿಸಿಕೊಂಡರು. "ಹನ್ನೆರಡು ವರ್ಷ ಓದಿ ಕಂಡೋರ ಹೇಲು ಉಚ್ಚೆ ಬಳಿಯೋಕೆ ಹೋಗ್ತೀಯೇನೇ ಕೂಸೇ?" ಅಂದರು. ತಂಗಿ ತಲೆ ತಗ್ಗಿಸಿದಳು.

ನಾವು ಒಬ್ಬರೂ ಬಾಯಿ ತೆರೆಯಲಿಲ್ಲ. ನಮ್ಮಲ್ಲಿ ಬಿ.ಎಸ್ಸಿ. ಮುಗಿಸಿದವರಿದ್ದೇವೆ. ಆದರೂ ಆ ಕೆಲಸದ ಬಗ್ಗೆ ಅಜ್ಜಿಗೆ ತಿಳಿದಿದ್ದಕ್ಕಿಂತ ಹೆಚ್ಚೇನೂ ನಮಗೆ ತಿಳಿದಿರಲಿಲ್ಲ. ನಾಚಿಕೆಯಾಯಿತು. ಹಾಗಾಗಿ ಒಂದಷ್ಟು ದಿನ ಕೂತು ಓದಿದೆವು, ತಿಳಿದವರನ್ನು ಕೇಳಿದೆವು. ಸಿಕ್ಕಿದ ಚರಿತ್ರೆಯನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಮೊದಲು ಇದ್ದವಳು ಸೂಲಗಿತ್ತಿ. ನಮ್ಮ ಅಜ್ಜಿಯರನ್ನು ಭೂಮಿಗೆ ಇಳಿಸಿಕೊಂಡ ಕೈ ಅವಳದೇ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರು ನೀವು ಕೇಳಿರಬಹುದು. ಸಾವಿರಾರು ಹೆರಿಗೆಗಳನ್ನು ಕಾಸು ಕೇಳದೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಆದರೆ ಹೆರಿಗೆ ಕಷ್ಟವಾದಾಗ, ರಕ್ತಸ್ರಾವ ನಿಲ್ಲದಾಗ ಸೂಲಗಿತ್ತಿಯ ಅನುಭವವೊಂದೇ ಸಾಲುತ್ತಿರಲಿಲ್ಲ. ಆಸ್ಪತ್ರೆಯೋ ದೂರ. ಇದ್ದರೂ ಅಲ್ಲಿ ಗಂಡಸು ಡಾಕ್ಟರು.

ನಮ್ಮ ಜಿಲ್ಲೆಯಿಂದ ಬಹಳ ದೂರವಿಲ್ಲದ ವೆಲ್ಲೂರಿನ ಕಥೆ ಶುರುವಾಗುವುದು ಇಲ್ಲಿಂದಲೇ. 1870ರಲ್ಲಿ ಹುಟ್ಟಿದ ಐಡಾ ಸ್ಕಡರ್ ಅಮೆರಿಕದ ಮಿಷನರಿ ಡಾಕ್ಟರೊಬ್ಬರ ಮಗಳು. ತಿಂಡಿವನಂನಲ್ಲಿ ತಂದೆತಾಯಿಯ ಜೊತೆ ಇದ್ದಾಗ ಒಂದೇ ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೆ ಒಬ್ಬರು ಬಂದು, ಹೆರಿಗೆ ನೋವಿನಲ್ಲಿರುವ ಹೆಂಡತಿಯನ್ನು ನೋಡಲು ಆಕೆಯನ್ನೇ ಕರೆದರು. ಆಕೆ ಡಾಕ್ಟರಲ್ಲ. ಡಾಕ್ಟರಾಗಿದ್ದ ತಂದೆ ಗಂಡಸಾದ್ದರಿಂದ ಅವರನ್ನು ಮನೆಯೊಳಗೆ ಬಿಡಲು ಆ ಮೂವರೂ ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಐಡಾ ವೈದ್ಯಶಾಸ್ತ್ರ ಓದಿ 1900ರಲ್ಲಿ ಹಿಂದಿರುಗಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು. ಒಬ್ಬ ಡಾಕ್ಟರಿಂದ ಊರು ಬದುಕುವುದಿಲ್ಲ ಎಂಬುದು ಅವರಿಗೆ ಬೇಗ ಅರ್ಥವಾಯಿತು. 1909ರಲ್ಲಿ ಅಲ್ಲಿ ನರ್ಸಿಂಗ್ ಶಾಲೆ ಆರಂಭವಾಯಿತು. ಹೆಣ್ಣುಮಕ್ಕಳ ವೈದ್ಯಕೀಯ ಶಾಲೆ ಬಂದದ್ದು ಅದಾದ ಮೇಲೆ, 1918ರಲ್ಲಿ. ಡಾಕ್ಟರರಿಗಿಂತ ಮೊದಲು ನರ್ಸ್‌ಗಳನ್ನು ತಯಾರು ಮಾಡಿದರು ಎಂಬುದನ್ನು ನಾವು ಗಮನಿಸಬೇಕು.

ಹಾಗಿದ್ದರೂ ನರ್ಸ್‌ಗಳು ಹಳ್ಳಿಗೆ ತಲುಪಲಿಲ್ಲ. 1946ರಲ್ಲಿ ಭೋರ್ ಸಮಿತಿ ದೇಶದ ಆರೋಗ್ಯದ ಲೆಕ್ಕ ಒಪ್ಪಿಸಿದಾಗ ಸುಮಾರು 43,000 ಜನರಿಗೆ ಒಬ್ಬ ನರ್ಸ್ ಇದ್ದರು. ಇದ್ದವರೂ ಪಟ್ಟಣದ ಆಸ್ಪತ್ರೆಗಳಲ್ಲಿ. ಪೂರ್ತಿ ನರ್ಸಿಂಗ್ ಓದಿದವರು ತಯಾರಾಗಿ ಬರಲಿ ಎಂದು ಕಾಯುತ್ತಾ ಕೂತರೆ ಹಳ್ಳಿಯ ಬಾಣಂತಿಯರು ಕಾಯುವಂತಿರಲಿಲ್ಲ. ಹೀಗೆ ಹುಟ್ಟಿದ ಕೆಲಸವೇ ಆಕ್ಸಿಲರಿ ನರ್ಸ್ ಮಿಡ್‌ವೈಫ್, ನಾವು ಎ.ಎನ್.ಎಂ. ಅನ್ನುವುದು. 'ಆಕ್ಸಿಲರಿ' ಅಂದರೆ ಸಹಾಯಕಿ. 1951ರಲ್ಲಿ ಪಂಜಾಬಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಎರಡು ವರ್ಷದ ಈ ತರಬೇತಿ ಶುರುವಾಯಿತು. ಮುಂದೆ ಇದೇ ಸಹಾಯಕಿ ಉಪಕೇಂದ್ರದ ಜವಾಬ್ದಾರಿ ಹೊತ್ತಳು. ಬಯಲುಸೀಮೆಯಲ್ಲಿ 5,000 ಜನರಿಗೆ, ಬೆಟ್ಟಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಅಳತೆ.

ತಮಿಳುನಾಡಿನಲ್ಲಿ ಅವಳಿಗೆ ಗ್ರಾಮ ಆರೋಗ್ಯ ನರ್ಸ್ ಎಂದು ಹೆಸರು. ನಮ್ಮ ಮನೆಗಳಲ್ಲಿ ಅವಳು ಬರೀ 'ನರ್ಸಮ್ಮ'. ನಮಗೆ ಲಸಿಕೆ ಚುಚ್ಚಿದವಳು, ಅಕ್ಕ ಬಸುರಿಯಾದಾಗ ಬಾಗಿಲಿಗೆ ಬಂದು ಕಬ್ಬಿಣದ ಮಾತ್ರೆ ಕೊಟ್ಟವಳು, ಹೆರಿಗೆಗೆ ಧರ್ಮಪುರಿಗೆ ಹೋಗಲೇಬೇಕೆಂದು ಹಟ ಹಿಡಿದವಳು.

ನಮ್ಮ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಇದಕ್ಕಿಂತ ದೊಡ್ಡ ಪಾಠವಿದೆ. ಸಿತ್ತೇರಿ ಮತ್ತು ಕಲ್ವರಾಯನ್ ಬೆಟ್ಟಗಳ ನಡುವಿನ ಸಿಟ್ಲಿಂಗಿ ಕಣಿವೆಗೆ 1993ರಲ್ಲಿ ಡಾ. ರೆಜಿ ಜಾರ್ಜ್ ಮತ್ತು ಡಾ. ಲಲಿತಾ ರೆಜಿ ದಂಪತಿ ಬಂದರು. ಒಂದು ಗುಡಿಸಲಿನಲ್ಲಿ ರೋಗಿಗಳನ್ನು ನೋಡಲು ಶುರು ಮಾಡಿದರು. ಅಲ್ಲಿನ ಬುಡಕಟ್ಟು ಜನರಿಗೆ ದೊಡ್ಡ ಆಸ್ಪತ್ರೆ ಎಂದರೆ ಗಂಟೆಗಟ್ಟಲೆ ಪ್ರಯಾಣ. ಆಗ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 150 ಕೂಸುಗಳು ವರ್ಷ ತುಂಬುವ ಮುಂಚೆ ಸಾಯುತ್ತಿದ್ದವು. ಹೊರಗಿನಿಂದ ನರ್ಸ್‌ಗಳು ಬಂದು ಆ ಕಣಿವೆಯಲ್ಲಿ ನೆಲೆ ನಿಲ್ಲುವುದು ಸುಲಭವಿರಲಿಲ್ಲ. ಡಾಕ್ಟರ್ ದಂಪತಿ ಅಲ್ಲಿಯ ಹುಡುಗಿಯರನ್ನೇ ಕರೆದು ಕಲಿಸಿದರು. ರೋಗಿಯ ಆರೈಕೆ, ಹೆರಿಗೆ, ಆಪರೇಷನ್ ಕೋಣೆಯ ಕೆಲಸ, ಎಲ್ಲವನ್ನೂ. ಹಳ್ಳಿಗಳ ಹಿರಿಯ ಹೆಂಗಸರು ಆರೋಗ್ಯ ಸಹಾಯಕಿಯರಾಗಿ ಮನೆಮನೆಗೆ ಹೋಗಿ ಬಸುರಿಯರನ್ನೂ ಕೂಸುಗಳನ್ನೂ ನೋಡಿಕೊಂಡರು. ವರ್ಷಗಳು ಕಳೆದಂತೆ ಆ 150 ಎಂಬ ಸಂಖ್ಯೆ 20ರ ಆಸುಪಾಸಿಗೆ ಇಳಿಯಿತು. ಕೂಸಿನ ಮೈ ಬೆಚ್ಚಗಿದೆಯೇ, ಹಾಲು ಕುಡಿಯುತ್ತಿದೆಯೇ, ಉಸಿರು ಜೋರಾಗಿದೆಯೇ ಎಂದು ದಿನವೂ ಹೋಗಿ ನೋಡುವ ಕಣ್ಣುಗಳಿಲ್ಲದೆ ಇದು ಆಗುವ ಮಾತಲ್ಲ.

ವಿದೇಶದಲ್ಲಿರುವ ನೆಂಟರ ಬಾಯಲ್ಲಿ 'ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್' ಎಂಬ ಮಾತು ಕೇಳಿರುತ್ತೀರಿ. ಅಮೆರಿಕದಲ್ಲಿ ವೃದ್ಧರ ಆರೈಕೆ ಕೇಂದ್ರಗಳ ಸ್ಥಿತಿ ಕೆಟ್ಟಿದೆ ಎಂಬ ದೂರು ಹೆಚ್ಚಿದಾಗ, 1987ರಲ್ಲಿ ಅಲ್ಲೊಂದು ಕಾನೂನು ಬಂತು. ಸಹಾಯಕರಿಗೆ ಕನಿಷ್ಠ 75 ಗಂಟೆ ತರಬೇತಿ, ಪರೀಕ್ಷೆ, ನೋಂದಣಿ ಕಡ್ಡಾಯವಾಯಿತು. ಯಾರು ಬೇಕಾದರೂ ಮಾಡಬಹುದಾದ ಕೆಲಸವಲ್ಲ ಇದು ಎಂದು ಆ ದೇಶ ಒಪ್ಪಿಕೊಂಡಂತಾಯಿತು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣಾಗುತ್ತದೆ, ಹುಣ್ಣು ಕೊಳೆತರೆ ಜೀವಕ್ಕೇ ಬರುತ್ತದೆ. ಮಲಮೂತ್ರ ಬಳಿಯುವವಳೇ ಅದರಲ್ಲಿ ರಕ್ತ ಕಂಡಿತೆಂದು ಮೊದಲು ಹೇಳುವವಳು.

ಈ ದಾರಿ ಹಿಡಿಯುವವರಿಗೆ ಒಂದು ಎಚ್ಚರಿಕೆಯ ಮಾತು. ನಮ್ಮ ಪರಿಚಯದ ಒಬ್ಬ ಅಕ್ಕ ಸಾಲ ಮಾಡಿ ಒಂದು ಸಂಸ್ಥೆಗೆ ಹಣ ಕಟ್ಟಿದರು. ಕೊನೆಗೆ ಕೈಗೆ ಬಂದ ಸರ್ಟಿಫಿಕೇಟಿಗೆ ಮಾನ್ಯತೆಯೇ ಇರಲಿಲ್ಲ. ಎ.ಎನ್.ಎಂ. ಹನ್ನೆರಡನೇ ತರಗತಿಯ ನಂತರ ಎರಡು ವರ್ಷದ ಓದು. ಸೇರುವ ಶಾಲೆಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಮತ್ತು ತಮಿಳುನಾಡಿನ ನರ್ಸ್‌ಗಳ ಕೌನ್ಸಿಲ್‌ನ ಮಾನ್ಯತೆ ಇದೆಯೇ ಎಂದು ಮೊದಲು ನೋಡಿ. ಕೆಲವೇ ತಿಂಗಳ 'ಜನರಲ್ ಡ್ಯೂಟಿ ಅಸಿಸ್ಟೆಂಟ್' ತರಬೇತಿ ಬೇರೆ. ಅದು ರೋಗಿಯ ಆರೈಕೆಯ ಒಳ್ಳೆಯ ಕೆಲಸವೇ, ಆದರೆ ಅದನ್ನು ಮುಗಿಸಿದವರು ನೋಂದಾಯಿತ ನರ್ಸ್ ಆಗುವುದಿಲ್ಲ. ಎರಡನ್ನೂ ಒಂದೇ ಎಂದು ಹೇಳಿ ಹಣ ಕೇಳುವವರನ್ನು ನಂಬಬೇಡಿ.

ಇಷ್ಟನ್ನೆಲ್ಲ ಓದಿಕೊಂಡು ಒಂದು ಸಂಜೆ ನಾವು ನಾಲ್ಕು ಜನ ಅಜ್ಜಿಯ ಮನೆಗೆ ಹೋದೆವು. ವೆಲ್ಲೂರು, ಸಿಟ್ಲಿಂಗಿ ಎಲ್ಲ ಹೇಳಿದೆವು. ಅಜ್ಜಿ ಅವರೆಕಾಯಿ ಬಿಡಿಸುತ್ತಾ ಕೇಳುತ್ತಿದ್ದರು. ಕೊನೆಗೆ, "ಅಜ್ಜೀ, ನಿಮ್ಮ ಮೊಮ್ಮಕ್ಕಳಿಗೆಲ್ಲ ಸೂಜಿ ಹಾಕಿದ ನರ್ಸಮ್ಮ ಓದಿದ್ದೂ ಇದೇ ಓದು" ಅಂದಾಗ ಅವರ ಕೈ ನಿಂತಿತು. "ಆಯಮ್ಮಾನಾ? ಆಯಮ್ಮ ಸಹಾಯಕೀನಾ?" ಅಂದರು. ಹಬ್ಬಕ್ಕೆ ಮೊದಲ ತಟ್ಟೆ ಕಜ್ಜಾಯ ಆ ನರ್ಸಮ್ಮನ ಮನೆಗೇ ಹೋಗುವುದು.

ಯೇಸುಸ್ವಾಮಿ ಹೇಳಿದ ಸಮಾರಿಯದವನ ಕಥೆಯಲ್ಲಿ ಒಬ್ಬನನ್ನು ನಾವು ಮರೆತೇಬಿಡುತ್ತೇವೆ. ಗಾಯಗೊಂಡವನನ್ನು ದಾರಿಯಿಂದ ಎತ್ತಿ ತಂದವನು ಮರುದಿನ ಹೊರಟುಹೋದ. ಆಮೇಲೆ ನೋಡಿಕೊಂಡವನು ಛತ್ರದವನು. ಅವನು ಕೂಲಿ ಪಡೆದೇ ನೋಡಿಕೊಂಡ, ಅದರಲ್ಲಿ ತಪ್ಪೇನೂ ಇರಲಿಲ್ಲ. ತೊಪ್ಪೂರು ಘಾಟಿನಲ್ಲಿ ಅಪಘಾತವಾದಾಗ ಗಾಯಾಳುಗಳನ್ನು ಎತ್ತಲು ನಮ್ಮೂರವರು ಓಡುತ್ತಾರೆ. ಆಸ್ಪತ್ರೆಯಲ್ಲಿ ಆಮೇಲಿನ ಇಪ್ಪತ್ತು ರಾತ್ರಿ ಎಚ್ಚರವಾಗಿರಲು ಕೂಡ ಯಾರಾದರೂ ಬೇಕಲ್ಲ?

ಅಜ್ಜಿ ಇನ್ನೂ ಪೂರ್ತಿ ಒಪ್ಪಿಲ್ಲ. "ರಾತ್ರಿ ಪಾಳಿ ಮುಗಿಸಿ ಹೈವೇಲಿ ಬಸ್ ಇಳಿದ್ರೆ ಹುಡುಗೀನ ಮನೆಗೆ ಕರ್ಕೊಂಡು ಬರೋರು ಯಾರು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಯಾವ ಚರಿತ್ರೆಯಲ್ಲೂ ಸಿಗಲಿಲ್ಲ. ಅಂದೇ ನಮ್ಮಲ್ಲಿ ಬೈಕ್ ಇರುವ ಐದು ಜನರ ಹೆಸರು ಬರೆದು, ವಾರದ ದಿನ ಹಂಚಿಕೊಂಡು, ಆ ಚೀಟಿಯನ್ನು ಅಜ್ಜಿಯ ಕೈಗೆ ಕೊಟ್ಟು ಬಂದೆವು. ಎರಡು ದಿನ ಇನ್ನೂ ಖಾಲಿ ಇದೆ. ಬರುವ ಭಾನುವಾರ ಪೂಜೆಯ ನಂತರ ಹೆಸರು ಕೊಡುವವರು ಬಂದು ಕೊಡಿ.