ರಂಗಾರೆಡ್ಡಿ ಜಿಲ್ಲೆಯ ಸ್ವಯಂಸೇವಕರು ಮತ್ತು ಸರ್ಕಾರಿ ಶಾಲೆ

ಸಿಕಂದರಾಬಾದಿನ ಮಗ್ಗುಲಿಗೆ ಅಂಟಿಕೊಂಡಿರುವ ಮಲ್ಕಾಜ್‌ಗಿರಿ ಇಂದು ಮೇಡ್ಚಲ್-ಮಲ್ಕಾಜ್‌ಗಿರಿ ಎಂಬ ಜಿಲ್ಲೆಗೆ ಸೇರಿದೆಯಾದರೂ, 1978ರಿಂದ 2016ರವರೆಗೆ ಅದು ಹೈದರಾಬಾದ್ ನಗರವನ್ನು ಸುತ್ತುವರಿದಿದ್ದ ರಂಗಾರೆಡ್ಡಿ ಜಿಲ್ಲೆಯ ಭಾಗವಾಗಿತ್ತು. ಆ ಜಿಲ್ಲೆಯ ಒಂದು ಕೊನೆಯಲ್ಲಿ ರೈಲ್ವೆ ಮತ್ತು ಕಾರ್ಖಾನೆಗಳ ನೌಕರರು ನೆಲೆಸಿದ ಮಲ್ಕಾಜ್‌ಗಿರಿಯಂಥ ಬಡಾವಣೆಗಳಿದ್ದರೆ, ಇನ್ನೊಂದು ಕೊನೆಯಲ್ಲಿ ಕಲಬುರಗಿಯ ಸೇಡಂ ಸೀಮೆಗೆ ತಾಗಿಕೊಂಡು, ಹಾಸುಗಲ್ಲಿನ ಗಣಿಗಳಿಗೆ ಹೆಸರಾದ, ಕನ್ನಡವೂ ಬಳಕೆಯಲ್ಲಿರುವ ತಾಂಡೂರು ಇತ್ತು. ನಡುವೆ ಹಬ್ಬಿದ್ದ ಹಳ್ಳಿಗಳಲ್ಲಿ, ತಂದೆ ಮಾಡಿದ ಸಾಲಕ್ಕೆ ಮಗ ಭೂಮಾಲೀಕನ ದನ ಕಾಯುವ ಜೀತಪದ್ಧತಿಯು 1976ರ ನಿಷೇಧ ಕಾಯ್ದೆಯ ನಂತರವೂ ಉಳಿದುಕೊಂಡಿತ್ತು. ಸರ್ಕಾರಿ ಶಾಲೆಯನ್ನು ಸುಧಾರಿಸುವ ಹೊಣೆಯನ್ನು ಸಾಮಾನ್ಯ ಹಳ್ಳಿಗರೇ ಕೈಗೆತ್ತಿಕೊಂಡು, ಕ್ರಮೇಣ ಆಗಿನ ಅವಿಭಜಿತ ಆಂಧ್ರಪ್ರದೇಶದ ಇಡೀ ಶಿಕ್ಷಣನೀತಿಯನ್ನು ಕದಲಿಸಿದ ಚಳವಳಿಯು ಈ ಹಳ್ಳಿಗಳಲ್ಲಿ ಹುಟ್ಟಿತು.

ಇದಕ್ಕೆ ಮೊದಲು ಈ ಪ್ರದೇಶದಲ್ಲಿ ಪ್ರಜೆಗಳ ಶಿಕ್ಷಣ ಚಟುವಟಿಕೆ ಇರಲಿಲ್ಲವೆಂದಲ್ಲ. ಉರ್ದುವೇ ಆಡಳಿತ ಭಾಷೆಯಾಗಿದ್ದ ನಿಜಾಮರ ರಾಜ್ಯದಲ್ಲಿ ತೆಲುಗು, ಮರಾಠಿ ಮತ್ತು ಕನ್ನಡದ ಜನ ತಮ್ಮ ಭಾಷೆಗಳಿಗೆ ತಾವೇ ಆಸರೆ ಕಟ್ಟಿಕೊಳ್ಳಬೇಕಾಯಿತು. 1901ರಲ್ಲಿ ಹೈದರಾಬಾದಿನಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವೆಂಬ ಗ್ರಂಥಾಲಯವೂ, 1907ರಲ್ಲಿ ಅಲ್ಲಿಯೇ ವಿವೇಕವರ್ಧಿನಿ ಶಾಲೆಯೂ, ಅದೇ ವರ್ಷ ಗುಲ್ಬರ್ಗದಲ್ಲಿ ನೂತನ ವಿದ್ಯಾಲಯವೂ ತಲೆಯೆತ್ತಿದವು. 1921ರಲ್ಲಿ ಮಹರ್ಷಿ ಕರ್ವೆಯವರ ಅಧ್ಯಕ್ಷತೆಯ ಸಮಾಜ ಸುಧಾರಣಾ ಸಮ್ಮೇಳನದಲ್ಲಿ ತೆಲುಗಿನಲ್ಲಿ ಮಾತನಾಡಿದವರನ್ನು ಸಭಿಕರು ಗೇಲಿ ಮಾಡಿದ್ದರಿಂದ ಆಂಧ್ರ ಜನ ಸಂಘ ಹುಟ್ಟಿತು. ಅದರ ಪ್ರಮುಖರಾದ ಮಾಡಪಾಟಿ ಹನುಮಂತರಾವ್ ಮುಂದೆ ತೆಲುಗು ಬಾಲಕಿಯರ ಶಾಲೆಯನ್ನು ತೆರೆದರು. ಆಳುವವರು ಕೊಡದಿದ್ದುದನ್ನು ತಾವೇ ಕಟ್ಟಿಕೊಳ್ಳುವ ಈ ಹಾದಿ ಅಭಿಮಾನದ್ದಾಗಿದ್ದರೂ, ಅದರ ಫಲ ಬಹುಮಟ್ಟಿಗೆ ಪಟ್ಟಣದ ಅಕ್ಷರಸ್ಥ ಮನೆತನಗಳಿಗೇ ದಕ್ಕಿತೆಂಬುದನ್ನು ಒಪ್ಪಬೇಕು. ಜೀತದಾಳಿನ ಮಗನಿಗೆ ಶಾಲೆ ಬೇಕಾದರೆ ಅದನ್ನು ಸರ್ಕಾರವಲ್ಲದೆ ಬೇರೆ ಯಾರೂ ಕೊಡಲಾರರೆಂಬ ತಿಳಿವಳಿಕೆ ಮೂಡಲು ಇನ್ನೂ ಏಳು ದಶಕಗಳು ಬೇಕಾದವು.

ಇತಿಹಾಸಕಾರರೂ ರಾಜ್ಯಶಾಸ್ತ್ರಜ್ಞರೂ ಆಗಿದ್ದ ಮಾಮಿಡಿಪೂಡಿ ವೆಂಕಟರಂಗಯ್ಯನವರ ಹೆಸರಿನಲ್ಲಿ 1981ರಲ್ಲಿ ಸ್ಥಾಪನೆಯಾದ ಎಂ. ವಿ. ಫೌಂಡೇಶನ್ ಆರಂಭದಲ್ಲಿ ವಿದ್ವತ್ ಕಾರ್ಯಗಳಿಗೆ ಮೀಸಲಾದ ಸಂಸ್ಥೆಯಾಗಿತ್ತು. ಅವರ ಮೊಮ್ಮಗಳು, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತಿದ್ದ ಶಾಂತಾ ಸಿನ್ಹಾ, 1980ರ ದಶಕದ ಕೊನೆಯಲ್ಲಿ ಶ್ರಮಿಕ ವಿದ್ಯಾಪೀಠದ, ಅಂದರೆ ದುಡಿಯುವ ವಯಸ್ಕರ ಶಿಕ್ಷಣಕ್ಕೆಂದು ಕೇಂದ್ರ ಸರ್ಕಾರ ನಡೆಸುತ್ತಿದ್ದ ಯೋಜನೆಯ ಹೊಣೆ ಹೊತ್ತು ರಂಗಾರೆಡ್ಡಿ ಜಿಲ್ಲೆಯ ಹಳ್ಳಿಗಳಿಗೆ ಹೋದಾಗ, ಜೀತದಾಳುಗಳಲ್ಲಿ ಅನೇಕರು ಮಕ್ಕಳೇ ಎಂಬುದು ಕಂಡುಬಂದಿತು. 1991ರಿಂದ ಸಂಸ್ಥೆಯ ದಿಕ್ಕೇ ಬದಲಾಯಿತು. ಶಂಕರಪಲ್ಲಿ ಮಂಡಲದಂಥ ಕಡೆಗಳಲ್ಲಿ ಕೆಲಸ ಆರಂಭವಾಯಿತು. ಮಂಡಲವೆಂದರೆ ಕರ್ನಾಟಕದ ತಾಲ್ಲೂಕಿಗಿಂತ ಚಿಕ್ಕದಾದ, ಹಲವು ಹಳ್ಳಿಗಳ ಆಡಳಿತ ಘಟಕ.

ಈ ಕೆಲಸದ ಬಲವೆಲ್ಲ ಸ್ಥಳೀಯ ಸ್ವಯಂಸೇವಕರದಾಗಿತ್ತು. ಅವರಲ್ಲಿ ಬಹಳಷ್ಟು ಮಂದಿ ತಮ್ಮ ಕುಟುಂಬದಲ್ಲಿ ಮೊದಲ ಬಾರಿಗೆ ಶಾಲೆಯ ಮೆಟ್ಟಿಲು ಹತ್ತಿದ ದಲಿತ ಮತ್ತು ಹಿಂದುಳಿದ ಜಾತಿಗಳ ಯುವಕ ಯುವತಿಯರಾಗಿದ್ದುದರಿಂದ, ಹೊರಗಿನಿಂದ ಬಂದ ಉಪದೇಶಕರಿಗೆ ಸಿಗದ ಪ್ರವೇಶ ಅವರಿಗೆ ಸಿಕ್ಕಿತು. ಹಳ್ಳಿಯ ಪ್ರತಿ ಮಗುವಿನ ಹೆಸರನ್ನು ಬರೆದಿಟ್ಟುಕೊಂಡು, ಯಾವ ಮಗು ಯಾರ ಹೊಲದಲ್ಲಿದೆ, ಯಾವ ಸಾಲಕ್ಕೆ ಒತ್ತೆಯಾಗಿದೆ ಎಂಬುದನ್ನು ತಿಳಿದುಕೊಂಡು, ಅವರು ಮೊದಲು ತಂದೆತಾಯಿಯರ ಜೊತೆಗೂ ಆಮೇಲೆ ಧಣಿಯ ಜೊತೆಗೂ ಮತ್ತೆ ಮತ್ತೆ ಮಾತುಕತೆ ನಡೆಸುತ್ತಿದ್ದರು. ಬಡತನವೇ ಬಾಲದುಡಿಮೆಗೆ ಕಾರಣವೆಂಬ, ಅಧಿಕಾರಿಗಳಿಗೂ ಅರ್ಥಶಾಸ್ತ್ರಜ್ಞರಿಗೂ ಸಮಾನವಾಗಿ ಒಪ್ಪಿತವಾಗಿದ್ದ ವಾದವನ್ನು ಅವರು ಕೇಳಲೇ ಒಲ್ಲೆವೆಂದರು. ಮಗುವನ್ನು ಓದಿಸಬೇಕೆಂಬ ಆಸೆ ಬಡ ತಾಯಿಗೂ ಇದೆ, ಆದರೆ ಶಾಲೆಯು ಅವಳ ಮಗುವನ್ನು ಒಳಗೆ ಬಿಟ್ಟುಕೊಳ್ಳುತ್ತಿಲ್ಲ ಎಂಬುದು ಅವರ ನಿಲುವಾಗಿತ್ತು. ಜಾತಿ ಪ್ರಮಾಣಪತ್ರ, ಜನ್ಮ ದಿನಾಂಕದ ದಾಖಲೆ, ಜೂನ್ ತಿಂಗಳಿನಲ್ಲಿ ಮಾತ್ರ ತೆರೆಯುವ ದಾಖಲಾತಿ, ಹನ್ನೊಂದು ವರ್ಷದ ಹುಡುಗನನ್ನು ಒಂದನೆಯ ತರಗತಿಯ ಚಿಕ್ಕ ಮಕ್ಕಳ ನಡುವೆ ಕೂರಿಸುವ ಅವಮಾನ, ಇವೆಲ್ಲವೂ ಅವರ ದೃಷ್ಟಿಯಲ್ಲಿ ಧಣಿಯಷ್ಟೇ ದೊಡ್ಡ ಅಡ್ಡಿಗಳಾಗಿದ್ದವು.

ಈ ಕೊನೆಯ ಅಡ್ಡಿಗೆ ಕಂಡುಕೊಂಡ ಪರಿಹಾರವೇ ಸೇತುಬಂಧ ಶಿಬಿರ. ಕೆಲಸದಿಂದ ಬಿಡಿಸಿ ತಂದ ದೊಡ್ಡ ಮಕ್ಕಳನ್ನು ಕೆಲವು ತಿಂಗಳು ವಸತಿ ಶಿಬಿರದಲ್ಲಿರಿಸಿ, ಅಕ್ಷರದಿಂದ ಆರಂಭಿಸಿ ಅವರ ವಯಸ್ಸಿಗೆ ತಕ್ಕ ತರಗತಿಯ ಮಟ್ಟಕ್ಕೆ ತಂದು, ಅನಂತರ ಸರ್ಕಾರಿ ಶಾಲೆಗೂ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಕ್ಕೂ ಸೇರಿಸುವುದು ಅದರ ಕ್ರಮ. ಶಿಬಿರ ಎಂದಿಗೂ ಶಾಲೆಗೆ ಬದಲಿಯಾಗಕೂಡದೆಂಬುದು ಇಲ್ಲಿ ಮುಖ್ಯವಾದ ಅಂಶ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ದುಡಿಯುವ ಮಕ್ಕಳಿಗೆ ಅನೌಪಚಾರಿಕ ಶಿಕ್ಷಣವನ್ನು, ಎಂದರೆ ದುಡಿಮೆ ಮುಗಿದ ಮೇಲೆ ಒಂದೆರಡು ಗಂಟೆಗಳ ಪಾಠವನ್ನು, ಸಾಕೆಂದು ಬಗೆದಿತ್ತು. ಅದೇ ವರ್ಷದ ಬಾಲಕಾರ್ಮಿಕ ಕಾಯ್ದೆಯು ಅಪಾಯಕಾರಿ ಉದ್ಯೋಗಗಳನ್ನಷ್ಟೇ ನಿಷೇಧಿಸಿ, ಹೊಲದ ದುಡಿಮೆಯನ್ನು ಹೆಚ್ಚುಕಡಿಮೆ ಮುಟ್ಟದೆ ಬಿಟ್ಟಿತ್ತು. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ, ಹಗಲು ಹೊತ್ತಿನ ಪೂರ್ಣಾವಧಿ ಶಾಲೆಯಲ್ಲದೆ ಬೇರೆ ಶಿಕ್ಷಣವಿಲ್ಲ ಎಂಬ ರಂಗಾರೆಡ್ಡಿಯ ಸೂತ್ರ ಈ ಎರಡಕ್ಕೂ ನೇರ ವಿರೋಧವಾಗಿತ್ತು. ಅಮೆರಿಕದ ವಿದ್ವಾಂಸ ಮೈರನ್ ವೀನರ್, ಭಾರತದಲ್ಲಿ ಕಡ್ಡಾಯ ಶಿಕ್ಷಣ ಬಾರದಿರುವುದಕ್ಕೆ ಹಣದ ಕೊರತೆಗಿಂತ ಮೇಲ್ವರ್ಗದ ಮನೋಭಾವವೇ ಕಾರಣವೆಂದು ವಾದಿಸಿದ ಪುಸ್ತಕ ಪ್ರಕಟವಾದದ್ದೂ 1991ರಲ್ಲಿಯೇ.

ಕನ್ನಡ ನಾಡಿನಲ್ಲಿ ರಂಗಾರೆಡ್ಡಿಯ ಈ ಸೂತ್ರಕ್ಕೆ ಎದುರಾದ ಚಿಂತನೆಯೊಂದು ಆ ವೇಳೆಗೆ ಬಲವಾಗಿತ್ತು. ನಂದನಾ ರೆಡ್ಡಿಯವರು ಮುಂಚೂಣಿಯಲ್ಲಿದ್ದ ಬೆಂಗಳೂರಿನ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಆಸರೆಯಲ್ಲಿ 1990ರಲ್ಲಿ ದುಡಿಯುವ ಮಕ್ಕಳದೇ ಸಂಘಟನೆಯಾದ ಭೀಮ ಸಂಘ ಹುಟ್ಟಿ, ಕುಂದಾಪುರ ಸೀಮೆಯ ಮಕ್ಕಳ ಪಂಚಾಯಿತಿಗಳವರೆಗೆ ಬೆಳೆಯಿತು. ಮಕ್ಕಳ ದುಡಿಮೆಯನ್ನು ಒಮ್ಮೆಗೇ ನಿಷೇಧಿಸುವುದು ಅವರ ಬದುಕನ್ನು ಇನ್ನಷ್ಟು ಮರೆಗೆ ತಳ್ಳುತ್ತದೆ, ಮಕ್ಕಳ ಮಾತನ್ನು ಮೊದಲು ಕೇಳಬೇಕು ಎಂಬುದು ಅವರ ವಾದ. ಎರಡು ನೆರೆ ರಾಜ್ಯಗಳ ಈ ವಾಗ್ವಾದದಲ್ಲಿ ಮಕ್ಕಳಿಗೆ ದನಿ ಕೊಟ್ಟ ಕೀರ್ತಿ ಬೆಂಗಳೂರಿನದಾದರೆ, ಸರ್ಕಾರಿ ಶಾಲೆಯನ್ನು ಬಾಗಿಲು ತೆರೆಯುವಂತೆ ಮಾಡಿದ ಕೀರ್ತಿ ರಂಗಾರೆಡ್ಡಿಗೆ ಸಲ್ಲಬೇಕು. ಶಾಲಾಸುಧಾರಣೆಯ ಚರಿತ್ರೆಯ ಮಟ್ಟಿಗೆ ಎರಡನೆಯದೇ ಹೆಚ್ಚು ದೂರ ಸಾಗಿತು.

ದಾಖಲಾತಿ ಹೆಚ್ಚಿದಂತೆ ಹಳ್ಳಿಯ ಶಾಲೆಯಲ್ಲಿ ಕೊಠಡಿಯೂ ಶಿಕ್ಷಕರೂ ಸಾಲದಾದರು. ಆಗ ಸ್ವಯಂಸೇವಕರು ಪೋಷಕರನ್ನೂ ಪಂಚಾಯಿತಿ ಸದಸ್ಯರನ್ನೂ ಕೂಡಿಸಿ, ಅರ್ಜಿ ಹಿಡಿದು ಮಂಡಲದ ಶಿಕ್ಷಣಾಧಿಕಾರಿಯ ಕಚೇರಿಗೂ ಜಿಲ್ಲಾಧಿಕಾರಿಯ ಕಚೇರಿಗೂ ಅಲೆದರು. ಸರ್ಕಾರಿ ಶಿಕ್ಷಕರನ್ನು ಶತ್ರುಗಳೆಂದು ಬಗೆಯದೆ, ಅವರಲ್ಲಿಯೇ ಬಾಲಕಾರ್ಮಿಕ ವಿಮೋಚನಾ ವೇದಿಕೆ ಎಂಬ ಸಂಘಟನೆ ಬೆಳೆಯಲು ಅನುವು ಮಾಡಿಕೊಟ್ಟದ್ದು ಈ ಚಳವಳಿಯ ಜಾಣತನಗಳಲ್ಲಿ ಒಂದು. ಆಂಧ್ರಪ್ರದೇಶ ಸರ್ಕಾರ ಸೇತುಬಂಧ ಶಿಬಿರಗಳನ್ನು ತನ್ನ ಕಾರ್ಯಕ್ರಮವಾಗಿ ಸ್ವೀಕರಿಸಿತು. ಕರ್ನಾಟಕದಲ್ಲಿಯೂ ಇದೇ ಬಗೆಯ ಶಿಬಿರಗಳು ‘ಚಿಣ್ಣರ ಅಂಗಳ’ ಎಂಬ ಹೆಸರಿನಲ್ಲಿ ನಡೆದವು. 2003ರಲ್ಲಿ ಶಾಂತಾ ಸಿನ್ಹಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. 2007ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರಚನೆಯಾದಾಗ ಅವರೇ ಅದರ ಮೊದಲ ಅಧ್ಯಕ್ಷರಾದರು.

ಕಾನೂನಿನ ಹಾದಿ ಬೇರೆ ಕಡೆಯಿಂದ ಬಂದಿತ್ತು. ಕರ್ನಾಟಕದ ವೈದ್ಯಕೀಯ ಕಾಲೇಜೊಂದರ ದುಬಾರಿ ಶುಲ್ಕದಿಂದ ಎದ್ದ 1992ರ ಮೋಹಿನಿ ಜೈನ್ ಪ್ರಕರಣ, ಅದರ ಬೆನ್ನಿಗೇ 1993ರಲ್ಲಿ ತೀರ್ಪು ಬಂದ ಉನ್ನಿಕೃಷ್ಣನ್ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಣ ಪ್ರಕರಣ, ಎರಡೂ ಮೂಲತಃ ವೃತ್ತಿಶಿಕ್ಷಣದ ಕಾಲೇಜುಗಳಿಗೆ ಸಂಬಂಧಿಸಿದವು. ಡಾಕ್ಟರು, ಎಂಜಿನಿಯರು ಆಗಬೇಕೆಂದವರ ವ್ಯಾಜ್ಯದಿಂದ ದನಗಾಹಿ ಹುಡುಗನಿಗೆ ಹದಿನಾಲ್ಕು ವರ್ಷದವರೆಗಿನ ಶಿಕ್ಷಣದ ಮೂಲಭೂತ ಹಕ್ಕು ಸಿಕ್ಕಿದ್ದು ನಮ್ಮ ನ್ಯಾಯಚರಿತ್ರೆಯ ವಿಚಿತ್ರಗಳಲ್ಲೊಂದು. 2002ರ ಸಂವಿಧಾನ ತಿದ್ದುಪಡಿಯ ನಂತರ 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ರೂಪುಗೊಂಡಾಗ, ವಯಸ್ಸಿಗೆ ತಕ್ಕ ತರಗತಿ ಮತ್ತು ವಿಶೇಷ ತರಬೇತಿ ನಾಲ್ಕನೆಯ ಸೆಕ್ಷನ್ನಿನಲ್ಲಿಯೂ, ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶ ನಿರಾಕರಿಸಕೂಡದೆಂಬುದು ಹದಿನಾಲ್ಕನೆಯದರಲ್ಲಿಯೂ, ಅವಧಿ ಮೀರಿತೆಂದು ನಿರಾಕರಿಸಕೂಡದೆಂಬುದು ಹದಿನೈದನೆಯದರಲ್ಲಿಯೂ ಸೇರಿದವು. ಶಂಕರಪಲ್ಲಿಯ ಹಳ್ಳಿಗಳಲ್ಲಿ ಸ್ವಯಂಸೇವಕರು ಮುಖ್ಯೋಪಾಧ್ಯಾಯರ ಮುಂದೆ ನಿಂತು ಕೇಳಿದ್ದ ಬೇಡಿಕೆಗಳು ಹೀಗೆ ದೇಶದ ಕಾನೂನಾದವು. ಅದೇ ಕಾಯ್ದೆಯಲ್ಲಿರುವ, ಪೋಷಕರು ಮುಕ್ಕಾಲು ಪಾಲಿರಬೇಕಾದ ಶಾಲಾ ಸಮಿತಿಯ ವಿಧಿಗೆ ಮಾತ್ರ ಕರ್ನಾಟಕದ ಅನುಭವವನ್ನೂ ನೆನೆಯಬೇಕು. ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿಯೇ ಇಲ್ಲಿ ಎಸ್‌ಡಿಎಂಸಿಗಳು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾಗಿ, ಮುಂದೆ ಅವುಗಳ ಸದಸ್ಯರು ಸಮನ್ವಯ ವೇದಿಕೆಯೊಂದನ್ನು ಕಟ್ಟಿಕೊಂಡು, ಶಿಕ್ಷಣತಜ್ಞ ನಿರಂಜನಾರಾಧ್ಯ ವಿ. ಪಿ. ಅವರಂಥವರ ಮಾರ್ಗದರ್ಶನದಲ್ಲಿ ರಾಜ್ಯಮಟ್ಟದಲ್ಲಿ ದನಿಯೆತ್ತಿದರು.

ಆದರೆ ಈ ಗೆಲುವಿನ ಕಾಲದಲ್ಲಿಯೇ ಅದೇ ಹೈದರಾಬಾದು ಜಗತ್ತಿಗೆ ತದ್ವಿರುದ್ಧವಾದ ಇನ್ನೊಂದು ವಿಚಾರವನ್ನೂ ಕೊಟ್ಟಿತು. 2000ದಲ್ಲಿ ಹಳೆಯ ನಗರದ ಗಲ್ಲಿಗಳಲ್ಲಿ ಕಡಿಮೆ ಶುಲ್ಕದ ಖಾಸಗಿ ಶಾಲೆಗಳನ್ನು ಕಂಡ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಟೂಲಿ, ಬಡವರ ಶಿಕ್ಷಣಕ್ಕೆ ಸರ್ಕಾರಕ್ಕಿಂತ ಮಾರುಕಟ್ಟೆಯೇ ಮೇಲೆಂದು ಸಾರಿದರು. ಆಂಧ್ರಪ್ರದೇಶದ ಐದು ಜಿಲ್ಲೆಗಳಲ್ಲಿ 2008ರಿಂದ ನಾಲ್ಕು ವರ್ಷ ನಡೆದು, ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2015ರಲ್ಲಿ ಫಲಿತಾಂಶ ಪ್ರಕಟಿಸಿದ ಪ್ರಯೋಗದಲ್ಲಿ, ಲಾಟರಿಯ ಮೂಲಕ ಖಾಸಗಿ ಶಾಲೆಗೆ ಹೋದ ಮಕ್ಕಳು ತೆಲುಗು ಮತ್ತು ಗಣಿತದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗಿಂತ ಮುಂದೆ ಹೋಗಿರಲಿಲ್ಲ. ಖಾಸಗಿ ಶಾಲೆಯ ಖರ್ಚು ಮಾತ್ರ ತೀರ ಕಡಿಮೆಯಾಗಿತ್ತು. ಪೋಷಕರು ಇಂಥ ಪ್ರಯೋಗಗಳಿಗೆ ಕಾಯಲಿಲ್ಲ. ಇಂಗ್ಲಿಷ್ ಮಾಧ್ಯಮದ ಫಲಕ ಕಂಡ ಕಡೆಗೆ ನಡೆದರು, ಮಲ್ಕಾಜ್‌ಗಿರಿಯ ಬೀದಿಬೀದಿಯಲ್ಲಿ ಅಂಥ ಫಲಕಗಳು ಎದ್ದವು.

ರಂಗಾರೆಡ್ಡಿಯ ಚಳವಳಿಗೆ ಬಲ ಬಂದದ್ದು ಹಳ್ಳಿಯವರೆಲ್ಲರ ಮಕ್ಕಳೂ ಒಂದೇ ಶಾಲೆಯನ್ನು ಅವಲಂಬಿಸಿದ್ದರಿಂದ. ಮಲ್ಕಾಜ್‌ಗಿರಿಯಂಥ ಉಪನಗರದಲ್ಲಿ ಆ ಸ್ಥಿತಿ ಇಲ್ಲ. 2016ರ ಅಕ್ಟೋಬರಿನಲ್ಲಿ ಜಿಲ್ಲೆ ಒಡೆದು, ಶಂಕರಪಲ್ಲಿ ರಂಗಾರೆಡ್ಡಿಯಲ್ಲಿಯೇ ಉಳಿಯಿತು, ತಾಂಡೂರು ಹೊಸ ವಿಕಾರಾಬಾದ್ ಜಿಲ್ಲೆಗೆ ಸೇರಿತು. ಹೊಸ ಮೇಡ್ಚಲ್-ಮಲ್ಕಾಜ್‌ಗಿರಿ ಜಿಲ್ಲೆಯಲ್ಲಿ ಇಂದು ಸರ್ಕಾರಿ ಶಾಲೆಗಳಲ್ಲಿರುವವರಿಗಿಂತ ಖಾಸಗಿ ಶಾಲೆಗಳಲ್ಲಿರುವ ಮಕ್ಕಳೇ ಹೆಚ್ಚು. ಸರ್ಕಾರಿ ಶಾಲೆಯಲ್ಲಿ ಉಳಿದಿರುವುದು ಬಹುಪಾಲು ದೂರದ ಜಿಲ್ಲೆಗಳಿಂದಲೂ ನೆರೆ ರಾಜ್ಯಗಳಿಂದಲೂ ಕೂಲಿಗೆ ಬಂದವರ ಮಕ್ಕಳು, ಅವರ ತಂದೆತಾಯಿಯರಲ್ಲಿ ಅನೇಕರ ಹೆಸರು ಅಲ್ಲಿಯ ಮತದಾರರ ಪಟ್ಟಿಯಲ್ಲಿಯೂ ಇಲ್ಲ.