ಕಲ್ಲಿನ ದತ್ತಿ, ಸಂಶೋಧನೆಯ ದುಡ್ಡು

ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ಚನ್ನಪಟ್ಟಣ ದಾಟಿದ ಮೇಲೆ ಮಂಡ್ಯ ಜಿಲ್ಲೆಗೆ ಕಾಲಿಡುವುದು ನಿಡಘಟ್ಟದ ಬಳಿ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯ ಕಾಮಗಾರಿಯನ್ನು ಎರಡು ಭಾಗ ಮಾಡಿದ್ದೂ ಇಲ್ಲಿಯೇ. ಆ ರಸ್ತೆಗೆ 8 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಖರ್ಚಾಯಿತು. ರಸ್ತೆಯ ಉಪಯೋಗ ಎಲ್ಲರ ಕಣ್ಣಿಗೂ ಕಾಣುತ್ತದೆ. ಹಣ ಏಕೆಂದು ಯಾರೂ ಕೇಳುವುದಿಲ್ಲ. ಆದರೆ ನಿಡಘಟ್ಟ ಸೇರಿರುವ ಮದ್ದೂರು ತಾಲ್ಲೂಕಿನಲ್ಲೇ ಸಿಕ್ಕ ಒಂದು ಹಳೆಯ ಕಲ್ಲನ್ನು ಓದಿಸಲು ಹಣ ಕೊಡುವವರು ಯಾರು? ವಿದ್ವಾಂಸರನ್ನು ಎಲ್ಲ ಕಾಲದಲ್ಲೂ ಕಾಡಿರುವ ಪ್ರಶ್ನೆ ಇದು.

ಆ ಕಲ್ಲು ಆತಕೂರಿನ ಶಾಸನ. ಕ್ರಿ.ಶ. 949-50ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗ, ಅವನ ಬಂಟ ಮಣಲೇರ, ಮಣಲೇರನ ಬೇಟೆನಾಯಿ ಕಾಳಿ, ಈ ಮೂವರ ಸುದ್ದಿಯೂ ಅದರಲ್ಲಿದೆ. ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟರು. ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪಕ್ಕೆ ಗುರಿಯಾಗುತ್ತಾನೆ ಎಂಬ ಕಟ್ಟಳೆಯನ್ನೂ ಬರೆಸಿದರು.

ಕೊಟ್ಟವರು ಯಾರು, ಪಡೆದವರು ಯಾರು, ಯಾವ ಕೆಲಸಕ್ಕೆ, ತಪ್ಪಿದರೆ ಏನು ಎಂಬ ನಾಲ್ಕು ಸಂಗತಿಗಳು ಹಳೆಯ ದತ್ತಿಶಾಸನಗಳಲ್ಲಿ ಸಾಮಾನ್ಯ. ಇಂದು ಸಂಶೋಧನೆಗೆ ಅನುದಾನ ಬೇಡುವ ಅಧ್ಯಾಪಕರು ತುಂಬುವ ಅರ್ಜಿಯಲ್ಲೂ ಇವೇ ನಾಲ್ಕು ಕಲಮುಗಳು. ಪಾಪದ ಜಾಗದಲ್ಲಿ ಹಣಬಳಕೆಯ ಪ್ರಮಾಣಪತ್ರ ಬಂದಿದೆ, ಅಷ್ಟೇ. ದೊಡ್ಡ ವ್ಯತ್ಯಾಸವಿರುವುದು ಅವಧಿಯಲ್ಲಿ. ಹಳೆಯ ದತ್ತಿಗಳು ಸೂರ್ಯಚಂದ್ರರಿರುವವರೆಗೆ ನಡೆಯಲೆಂದು ಕೊಟ್ಟವು. ಈಗಿನ ಯೋಜನೆಗಳಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷದ ಆಯಸ್ಸು.

ಆತಕೂರಿನ ಅಕ್ಷರಗಳು ಪುಸ್ತಕಕ್ಕೆ ಬಂದದ್ದು ಮೈಸೂರು ಸಂಸ್ಥಾನದ ಹಣದಿಂದ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ವಿದ್ಯಾ ಇಲಾಖೆಯ ಅಧಿಕಾರಿ. ಶಾಲೆಗಳ ತಪಾಸಣೆಗೆಂದು ಊರೂರು ತಿರುಗುವಾಗ ಶಾಸನಗಳ ಗೀಳು ಹತ್ತಿಸಿಕೊಂಡವರು. 1879ರಲ್ಲಿ ಅವರ ಮೊದಲ ಶಾಸನ ಸಂಗ್ರಹ ಹೊರಬಂತು. 1885ರಲ್ಲಿ ಸಂಸ್ಥಾನ ಪುರಾತತ್ತ್ವ ಇಲಾಖೆಯನ್ನು ತೆರೆದು ಅವರಿಗೆ ಈ ಕೆಲಸ ವಹಿಸಿತು. ಮುಂದಿನ ಸುಮಾರು ಇಪ್ಪತ್ತು ವರ್ಷಗಳಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳು, ಸುಮಾರು 9 ಸಾವಿರ ಶಾಸನಗಳು ಬೆಳಕು ಕಂಡವು. 1894ರ ಮೂರನೆಯ ಸಂಪುಟದಲ್ಲಿ ಆತಕೂರಿನ ಕಲ್ಲಿಗೂ ಜಾಗ ಸಿಕ್ಕಿತು. ವರ್ಷ ವರ್ಷವೂ ಅರ್ಜಿ ಹಿಡಿದು ಬಾಗಿಲು ಕಾಯಬೇಕಾಗಿದ್ದರೆ ಇಂಥ ಕೆಲಸ ಮುಗಿಯುವುದು ಕಷ್ಟವಿತ್ತು.

ಹಣವಂತರಿಗೂ ಈ ಅಲೆದಾಟ ತಪ್ಪಿದ್ದಲ್ಲ. ವಿಜ್ಞಾನ ಸಂಶೋಧನೆಗೆ ಒಂದು ಸಂಸ್ಥೆ ಬೇಕೆಂದು ಜಮ್‌ಷೆಟ್‌ಜಿ ಟಾಟಾ 1898ರ ವೇಳೆಗೆ ಸುಮಾರು 30 ಲಕ್ಷ ರೂಪಾಯಿಯ ಆಸ್ತಿಯನ್ನೇ ಕೊಡಲು ಮುಂದಾದರು. ವೈಸ್‌ರಾಯ್ ಕರ್ಜನ್ ಅವರ ಸರ್ಕಾರ ಅನುಮಾನದಿಂದಲೇ ನೋಡಿತು. ಕೈಹಿಡಿದದ್ದು ಮೈಸೂರು. ಬೆಂಗಳೂರಿನಲ್ಲಿ ಸುಮಾರು 371 ಎಕರೆ ಜಮೀನು, ವರ್ಷಕ್ಕೆ 50 ಸಾವಿರ ರೂಪಾಯಿ ಅದರ ಕೊಡುಗೆ. ಸಂಸ್ಥೆಗೆ ಒಪ್ಪಿಗೆ ಸಿಕ್ಕಿದ್ದು 1909ರಲ್ಲಿ, ಪಾಠ ಶುರುವಾದದ್ದು 1911ರಲ್ಲಿ. ಟಾಟಾ 1904ರಲ್ಲೇ ತೀರಿಕೊಂಡಿದ್ದರು.

ಫಲ ಬೇಗ ಕಾಣುವ ಸಂಶೋಧನೆಗೆ ದಾರಿ ಅಷ್ಟು ಕಡಿದಲ್ಲ. 1908ರಲ್ಲಿ ಮೈಸೂರಿಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣದ ಉಪಾಯ ತೋರಿಸಿದಾಗ ಬೆಳೆಗಾರರೇ ಅದಕ್ಕೆ ಸಾಕ್ಷಿಯಾದರು. ಮಂಡ್ಯದ ವಿ.ಸಿ. ಫಾರಂನಲ್ಲಿ ಕಬ್ಬು, ಭತ್ತಗಳ ಮೇಲೆ ನಡೆಯುವ ಕೆಲಸದ ಬೆಲೆಯೂ ರೈತನಿಗೆ ಗೊತ್ತು. ಶಾಸನ ಓದುವವನಿಗೆ ಅಂಥ ಸಾಕ್ಷಿಗಳಿಲ್ಲ. ಒಂದು ನಾಯಿಯ ಕಥೆಯಿಂದ ಯಾವ ಗದ್ದೆಯ ಇಳುವರಿಯೂ ಹೆಚ್ಚುವುದಿಲ್ಲ.

ಸ್ವಾತಂತ್ರ್ಯಾನಂತರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, 1969ರಲ್ಲಿ ಸಮಾಜ ವಿಜ್ಞಾನಕ್ಕೆ, 1972ರಲ್ಲಿ ಇತಿಹಾಸಕ್ಕೆ ಪ್ರತ್ಯೇಕ ಪರಿಷತ್ತುಗಳು ಬಂದವು. ರೈಸ್ ಸಂಪುಟಗಳ ಪರಿಷ್ಕರಣೆಯನ್ನು ಮೈಸೂರು ವಿಶ್ವವಿದ್ಯಾನಿಲಯ ಕೈಗೆತ್ತಿಕೊಂಡು, 1972ರಿಂದ ಹೊಸ ಸಂಪುಟಗಳನ್ನು ಹೊರತರತೊಡಗಿತು. 2023ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯಿದೆ ಮಾಡಿತು. ಐದು ವರ್ಷಕ್ಕೆ 50 ಸಾವಿರ ಕೋಟಿ ರೂಪಾಯಿಯ ಅಂದಾಜು. ಅದರಲ್ಲಿ ದೊಡ್ಡ ಪಾಲು ಸರ್ಕಾರದ ಹೊರಗಿನಿಂದ ಬರಬೇಕೆಂಬ ನಿರೀಕ್ಷೆ. ಮಾನವಿಕ ವಿಷಯಗಳಿಗೆ ಅಲ್ಲಿರುವ ಜಾಗ, ಅವು ವಿಜ್ಞಾನ ತಂತ್ರಜ್ಞಾನವನ್ನು ಮುಟ್ಟುವ ಅಂಚಿನಲ್ಲಿ ಮಾತ್ರ.

ಉದ್ಯಮಗಳು ತಮಗೆ ಬೇಕಾದ ಸಂಶೋಧನೆಗೆ ಹಣ ಕೊಟ್ಟಾವು. ಅದರಲ್ಲಿ ತಪ್ಪೇನೂ ಇಲ್ಲ. ಯಾರ ಲೆಕ್ಕಕ್ಕೂ ಸಿಗದ ವಿದ್ಯೆಗೆ ಮಾತ್ರ ಬೊಕ್ಕಸವೇ ಗತಿ. ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆ ಮಡಿದ ಒಂದು ನಾಯಿಯ ಹೆಸರು ನಮಗೆ ತಿಳಿದಿದ್ದರೆ, ಒಂದು ಸಂಸ್ಥಾನ ಲಾಭ ಕೇಳದೆ ಇಪ್ಪತ್ತು ವರ್ಷ ಸಂಬಳ ಕೊಟ್ಟದ್ದೂ ಅದಕ್ಕೆ ಕಾರಣ.