ಲಾಳ ಬೇಕೇ, ಬರಿಗಾಲು ಸಾಕೇ?

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತುರುವೇಕೆರೆಯ ಕಡೆಯಿಂದ ದೂರವಾಣಿ ಮಾಡಿದ್ದ. ಬೆಂಗಳೂರಿನ ಕೆಲಸ ಬಿಟ್ಟು ತೆಂಗಿನ ತೋಟಕ್ಕೆ ಮರಳಿರುವ ಆತ ಮಕ್ಕಳ ಆಸೆಗೆಂದು ಒಂದು ತಟ್ಟುಕುದುರೆಯನ್ನು ಕೊಂಡಿದ್ದಾನೆ. "ಮೇಷ್ಟ್ರೇ, ಇದಕ್ಕೆ ಲಾಳ ಹೊಡೆಸಬೇಕೋ ಬೇಡವೋ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಿಮ್ಮ ತಾತನವರ ಕುದುರೆಯ ಕಥೆ ಪಾಠದ ಮಧ್ಯೆ ಹೇಳ್ತಿದ್ರಲ್ಲ" ಎಂದ. ಪಾಠ ಮರೆತರೂ ಕಥೆಯನ್ನು ನೆನಪಿಟ್ಟಿದ್ದಾನೆ. ಫೋನಿನಲ್ಲಿ ಎರಡು ಮಾತು ಹೇಳಿದೆ. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುವ ವಸ್ತು. ಕುದುರೆಯ ಗೊರಸು ತಿಂಗಳಿಗೆ ಮುಕ್ಕಾಲರಿಂದ ಒಂದು ಸೆಂಟಿಮೀಟರ್‌ನಷ್ಟು ಬೆಳೆಯುತ್ತದೆ. ಮೆತ್ತನೆಯ ನೆಲದಲ್ಲಿ ಸವೆತ ಕಡಿಮೆ, ಬೆಳವಣಿಗೆ ಹೆಚ್ಚು. ಆಗ ಕತ್ತರಿಸಿ ಅರ ಉಜ್ಜಿದರೆ ಸಾಕು. ಕಲ್ಲಿನ ದಾರಿಯಲ್ಲಿ ಹೊರೆ ಹೊತ್ತು ನಡೆಯುವಾಗ ಬೆಳೆದುದಕ್ಕಿಂತ ಸವೆದುದೇ ಹೆಚ್ಚಾಗುತ್ತದೆ. ಅಡಿ ತೆಳುವಾಗಿ ಪ್ರಾಣಿ ಕುಂಟುತ್ತದೆ. ಲಾಳದ ಪ್ರಶ್ನೆಯೆಲ್ಲ ಈ ಜಮಾಖರ್ಚಿನಲ್ಲಿದೆ. ಲಾಳ ಕಟ್ಟಿದ ಮೇಲೂ ಗೊರಸು ಬೆಳೆಯುವುದನ್ನು ನಿಲ್ಲಿಸುವುದಿಲ್ಲವಾದ್ದರಿಂದ ಆರೇಳು ವಾರಕ್ಕೊಮ್ಮೆ ಲಾಳ ಕಿತ್ತು, ಗೊರಸು ಸಮಮಾಡಿ, ಮತ್ತೆ ಹೊಡೆಯಲೇಬೇಕು. ಒಮ್ಮೆ ಕಟ್ಟಿ ಮರೆಯುವ ವಸ್ತು ಅದಲ್ಲ.

ಪ್ರಾಚೀನರು ಬಹುಕಾಲ ಲಾಳವಿಲ್ಲದೆಯೇ ಕುದುರೆಗಳನ್ನು ನಡೆಸಿದರು. ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನ್ ಕುದುರೆ ಸಾಕಣೆಯ ಬಗ್ಗೆ ಬರೆದ ಗ್ರಂಥದಲ್ಲಿ, ಲಾಯದ ಅಂಗಳಕ್ಕೆ ಮುಷ್ಟಿಗಾತ್ರದ ದುಂಡು ಕಲ್ಲುಗಳನ್ನು ಹರಡಿ ಕುದುರೆಯನ್ನು ಅದರ ಮೇಲೆ ನಿಲ್ಲಿಸಬೇಕು, ಗೊರಸು ಗಟ್ಟಿಯಾಗುತ್ತದೆ ಎನ್ನುತ್ತಾನೆ. ಮೊಳೆ ಹೊಡೆದು ಕಟ್ಟುವ ಕಬ್ಬಿಣದ ಲಾಳ ಯುರೋಪಿನಲ್ಲಿ ವ್ಯಾಪಕವಾದದ್ದು ಸುಮಾರು ಸಾವಿರ ವರ್ಷಗಳಿಂದೀಚೆಗೆ.

ನಮ್ಮ ದಕ್ಷಿಣಕ್ಕೆ ಸಂಬಂಧಿಸಿದ ಒಂದು ಸ್ವಾರಸ್ಯ ಮಾರ್ಕೊ ಪೋಲೊನ ಬರಹದಲ್ಲಿದೆ. 13ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡನ್ನು ಕಂಡ ಆತ, ಅಲ್ಲಿಗೆ ಅರಬ್ ಮತ್ತು ಪರ್ಷಿಯ ಕಡಲತೀರಗಳಿಂದ ವರ್ಷವರ್ಷವೂ ಸಾವಿರಾರು ಕುದುರೆಗಳು ಬರುತ್ತಿದ್ದವೆಂದೂ, ಆರೈಕೆ ಬಲ್ಲವರಿಲ್ಲದೆ ಬಹುಪಾಲು ಸಾಯುತ್ತಿದ್ದವೆಂದೂ ಹೇಳುತ್ತಾನೆ. ಕುದುರೆ ವ್ಯಾಪಾರಿಗಳು ಲಾಳಗಾರರನ್ನು ತಾವೂ ಕರೆತರುತ್ತಿರಲಿಲ್ಲ, ಬೇರೆಯವರು ಹೋಗಲೂ ಬಿಡುತ್ತಿರಲಿಲ್ಲವಂತೆ. ಕುದುರೆಗಳು ಬದುಕಿ ಉಳಿದರೆ ಮರುವರ್ಷ ಕೊಳ್ಳುವವರು ಯಾರು! ವ್ಯಾಪಾರದ ಬುದ್ಧಿ ಅಂದಿಗೂ ಇಂದಿಗೂ ಒಂದೇ. ಮುಂದೆ ಮರಾಠರ ಆಡಳಿತದಲ್ಲಿ ಸವಾರರಿಗೆ ಮುಂಗಡವಾಗಿ ಕೊಡುತ್ತಿದ್ದ ಹಣಕ್ಕೆ 'ನಾಲಬಂದಿ' ಎಂಬ ಹೆಸರೇ ಇತ್ತು. ನಾಲ ಎಂದರೆ ಲಾಳ. ಉತ್ತರ ಕರ್ನಾಟಕದಲ್ಲಿ ನಾಲಬಂದ ಎಂಬ ಮನೆತನದ ಹೆಸರನ್ನು ಇಂದಿಗೂ ಕೇಳುತ್ತೇವೆ.

ನಮ್ಮ ತಿಪಟೂರು ಸೀಮೆಯಲ್ಲಿ ಮಾತ್ರ ಕುದುರೆಗಿಂತ ಎತ್ತೇ ದೊಡ್ಡದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತೆಂಬುದನ್ನು ನನ್ನ ವಿದ್ಯಾರ್ಥಿಗಳು ಪರೀಕ್ಷೆಗಾಗಿಯಾದರೂ ಓದಿದ್ದಾರೆ. ತಿಪಟೂರಿನ ಪಕ್ಕದ ಕೊನೇಹಳ್ಳಿ ಕಾವಲು ಆ ತಳಿಯ ನೆಲೆಗಳಲ್ಲಿ ಒಂದು. ಚಿದಂಬರದ ರಕ್ಷಣೆಗೆ ಹೊರಟ ಹೈದರಾಲಿ ಈ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದನೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಚಿಕ್ಕದಾಗಿ, ಕಪ್ಪಗೆ, ಕಲ್ಲಿನಂತೆ ಗಟ್ಟಿಯಾಗಿರುವ ಗೊರಸು ಈ ತಳಿಯ ಲಕ್ಷಣವೆಂದೇ ಎಣಿಸುತ್ತಾರೆ.

1800ರಲ್ಲಿ ಬುಕಾನನ್ ಗುಬ್ಬಿ, ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳನ್ನು ನೋಡಿಕೊಂಡು ಹೋದಾಗ ಇಲ್ಲಿಯ ಸರಕು ಸಾಗುತ್ತಿದ್ದುದು ಹೇರೆತ್ತುಗಳ ಬೆನ್ನ ಮೇಲೆ. ಮಣ್ಣಿನ ಕಾಲುದಾರಿ, ಕೆರೆಯ ಏರಿ, ತೋಟದ ಬದು: ಇಂಥ ದಾರಿಗೆ ಹುಟ್ಟುಗೊರಸೇ ಸಾಕು. ಕಬ್ಬನ್ ಕಮಿಷನರ್ ಆಗಿದ್ದ 1834ರಿಂದ 1861ರವರೆಗಿನ ಅವಧಿಯಲ್ಲಿ ಮೈಸೂರು ಸೀಮೆಯಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆಗಳಾದವು. ಹೇರೆತ್ತು ಹಿಂದೆ ಸರಿದು ಗಾಡಿಯೆತ್ತು ಮುಂದೆ ಬಂದಿತು. 1889ರಲ್ಲಿ ರೈಲು ತಿಪಟೂರಿನ ಮೇಲೆ ಹರಿಹರ ತಲುಪಿದ ಮೇಲಂತೂ ಕೊಬ್ಬರಿ ತುಂಬಿದ ಗಾಡಿಗಳು ನಿಲ್ದಾಣದ ಕಡೆ ತಿರುಗಿದವು. ನಮ್ಮ ಕಡೆ ಎತ್ತಿಗೆ ಲಾಳ ಅನಿವಾರ್ಯವಾದದ್ದು ಈ ಜಲ್ಲಿ ರಸ್ತೆಗಳಿಂದ ಎಂಬುದು ನನ್ನ ಅಭಿಪ್ರಾಯ. ನಾನು ಬಾಲ್ಯದಲ್ಲಿ ಕಂಡಂತೆಯೂ ಗಾಡಿ ಹೂಡುವ ಎತ್ತಿಗೆ ಲಾಳವಿತ್ತು, ಬರಿಯ ಉಳುಮೆಯ ಎತ್ತಿಗೆ ಇರಲಿಲ್ಲ.

ಎತ್ತಿನದು ಸೀಳುಗೊರಸು, ಕಾಲಿಗೆ ಎರಡರಂತೆ ಎಂಟು ಬಿಲ್ಲೆ ಬೇಕು. ಹಗ್ಗ ಹಾಕಿ ಕೆಡವಿ, ನಾಲ್ಕು ಕಾಲನ್ನೂ ಸೇರಿಸಿ ಕಟ್ಟಿ ಹೊಡೆಯುತ್ತಿದ್ದರು. ಕುದುರೆಗೆ ಕಾಲಿಗೊಂದೇ ಲಾಳ, ಅದೂ ನಿಂತಂತೆಯೇ.

ಇನ್ನು ತಾತನ ಕುದುರೆ. ತಾತ ಶಾನುಭೋಗರು. ಖಾತೆ ಪುಸ್ತಕಗಳ ಗಂಟಿನೊಡನೆ ಹಳ್ಳಿಯಿಂದ ಹಳ್ಳಿಗೆ ತಟ್ಟುವಿನ ಮೇಲೆಯೇ ಓಡಾಟ. ಅದಕ್ಕೆ ಅವರು ಒಂದು ದಿನವೂ ಲಾಳ ಕಟ್ಟಿಸಲಿಲ್ಲ. ಸಂಜೆ ಕಾಲೆತ್ತಿ, ಗೊರಸಿನ ಸಂದಿನ ಕಲ್ಲುಮಣ್ಣು ಕೆದಕಿ, ಅಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ಅವರ ನಿತ್ಯನೇಮ. 1963ರ ಫೆಬ್ರುವರಿ 1ರಂದು ಶಾನುಭೋಗಿಕೆ ರದ್ದಾಯಿತು. ಕುದುರೆ ಉಳಿಯಿತು, ಅದಕ್ಕೆ ಕೆಲಸ ಉಳಿಯಲಿಲ್ಲ. ಅಪ್ಪ ಒಂದು ಹಗುರವಾದ ಗಾಡಿ ಮಾಡಿಸಿ, ತಿಪಟೂರಿಗೆ ಬಾಡಿಗೆ ಹೊಡೆಯುವುದೆಂದು ನಿಶ್ಚಯಿಸಿದರು. ಮನೆಯ ಸ್ಥಿತಿ ಹಾಗಿತ್ತು. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗುವವರೆಗೆ ಸಂಸಾರ ನಡೆಯಬೇಕಲ್ಲ.

ಬಿ.ಎಚ್. ರಸ್ತೆಯಲ್ಲಿ ನಡೆದ ಕೆಲವೇ ವಾರಗಳಲ್ಲಿ ಕುದುರೆ ತಲೆ ಕುಣಿಸುತ್ತ ಹೆಜ್ಜೆ ಇಡತೊಡಗಿತು. ಅಪ್ಪ "ಲಾಳ ಕಟ್ಟಿಸೋಣ" ಎಂದರು. ತಾತ "ರಸ್ತೆಯಂಚಿನ ಮಣ್ಣಿನಲ್ಲಿ ನಡೆಸು, ಕಬ್ಬಿಣ ಬೇಡ" ಎಂದರು. ಮಾತು ನಿಂತಿತು, ಅಪ್ಪ ತಾತನಿಗೆ ತಿಳಿಸದೆ ಪೇಟೆಯಲ್ಲಿ ಸಿಕ್ಕವರೊಬ್ಬರಿಂದ ಲಾಳ ಹೊಡೆಸಿಕೊಂಡು ಬಂದರು. ಮುಂಗಾಲಿನ ಒಂದು ಮೊಳೆ ಹೊರಗವಚದ ಒಳಗಿನ ಜೀವಂತ ಭಾಗಕ್ಕೆ ತಾಗಿತ್ತು. ಮೂರನೆಯ ದಿನ ಕುದುರೆ ಆ ಕಾಲನ್ನು ಊರಲಿಲ್ಲ. ಗೊರಸು ಮುಟ್ಟಿದರೆ ಬೆಂಕಿ. ತಾತ ಯಾರನ್ನೂ ಬೈಯಲಿಲ್ಲ. ಲಾಳ ಕೀಳಿಸಿ, ಕೀವಿಗೆ ದಾರಿ ಮಾಡಿ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲನ್ನು ಅದ್ದಿಸಿ ತವುಡಿನ ಪಟ್ಟು ಕಟ್ಟಿದರು. ಲಾಂದ್ರ ಹಿಡಿಯುವ ಕೆಲಸ ಏಳು ವರ್ಷದ ನನ್ನದು. ಬಾಡಿಗೆ ಇಲ್ಲದ ಆ ದಿನಗಳಲ್ಲಿ ಅಮ್ಮನ ಬಳೆಗಳು ಅಡವಿಗೆ ಹೋದದ್ದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಕುದುರೆ ಚೇತರಿಸಿಕೊಂಡಿತು. ಆಮೇಲೆ ಲಾಳ ಕಟ್ಟುವುದರಲ್ಲಿ ಪಳಗಿದ ಒಬ್ಬ ಮುದುಕರನ್ನು ಕರೆಸಿದವರು ಸ್ವತಃ ತಾತನೇ. ಆ ಮುದುಕರು ಮೊದಲು ಕುದುರೆಯನ್ನು ಅಂಗಳದಲ್ಲಿ ನಡೆಸಿ, ಹೆಜ್ಜೆ ಬೀಳುವ ರೀತಿ ನೋಡಿ, "ಹಿಂಗಾಲು ಚೆನ್ನಾಗೈತೆ ಸ್ವಾಮಿ, ಅದಕ್ಕೆ ಬ್ಯಾಡ. ಮುಂಗಾಲಿಗೆ ಮಾತ್ರ ಕಟ್ತೀನಿ" ಎಂದರು. ಭಾರ ಹೆಚ್ಚು ಬೀಳುವುದು ಮುಂಗಾಲಿನ ಮೇಲೆಯೇ. ಅಪ್ಪನದೂ ಅರ್ಧ ಸರಿ, ತಾತನದೂ ಅರ್ಧ ಸರಿ ಎಂದಾಯಿತು. ಇಬ್ಬರೂ ಅದನ್ನು ಬಾಯಿಬಿಟ್ಟು ಒಪ್ಪಲಿಲ್ಲವೆಂಬುದು ಬೇರೆ ಮಾತು.

ಈಗ ವಿದ್ಯಾರ್ಥಿಗೆ ಉತ್ತರ. ನಿನ್ನ ತಟ್ಟು ತೋಟದ ಮಣ್ಣಿನಲ್ಲಿ ಮಕ್ಕಳನ್ನು ಹೊತ್ತು ಅಡ್ಡಾಡುವುದಷ್ಟೇ ಆದರೆ ಲಾಳ ಬೇಡ. ಗೊರಸನ್ನು ಕಾಲಕಾಲಕ್ಕೆ ಕತ್ತರಿಸಿ ಸಮಮಾಡಿಸು. ಪಾಶ್ಚಾತ್ಯರಲ್ಲಿಯೂ ಈಗ ಬರಿಗಾಲೇ ಲೇಸೆನ್ನುವವರ ದೊಡ್ಡ ಗುಂಪಿದೆ. ಕಲ್ಲುದಾರಿಗೆ ಮಾತ್ರ ರಬ್ಬರ್ ಬೂಟು ತೊಡಿಸುತ್ತಾರೆ. ಡಾಂಬರು ರಸ್ತೆಯಲ್ಲಿ ದಿನವೂ ಓಡಿಸುವುದಾದರೆ ವಿಚಾರ ಬೇರೆ. ಮೊದಲು ಪಶುವೈದ್ಯರಿಗೆ ತೋರಿಸು, ಕಾಲನ್ನು ಎತ್ತಿ ನೋಡುವವರನ್ನು ಹುಡುಕು, ಅವಸರದವರಿಂದ ಹೊಡೆಸಬೇಡ.

ಆ ಕುದುರೆಯ ಒಂದು ಸವೆದ ಲಾಳ ನಮ್ಮ ಊರಮನೆಯ ಹೊಸ್ತಿಲಿನಲ್ಲಿ ಇಂದಿಗೂ ಇದೆ. ಹೊರ ಅಂಚು ಹೆಚ್ಚು ಸವೆದಿದೆ, ಒಳ ಅಂಚು ಅಷ್ಟಿಲ್ಲ. ನೋವುಂಡ ಕಾಲನ್ನು ಅದು ಕೊನೆಯವರೆಗೂ ಸ್ವಲ್ಪ ವಾರೆಯಾಗಿಯೇ ಇಡುತ್ತಿತ್ತು.